ಓಬಳೇಶಪ್ಪ ತೋರಿಸಿದ ದಾರಿ

ಕುರಿ ಎಲ್ಲಿವೆ ಎಂದು ಸರಕಾರದವರು ಕೇಳಿದರೆ ಹೇಳಬಾರದು ಎಂದು ಓಬಳೇಶಪ್ಪನಿಗೆ ಯಾರೂ ಕಲಿಸಿರಲಿಲ್ಲ. ಕಂಬಳಿ ಹೆಗಲಿಗೆ ಬಿದ್ದ ದಿನವೇ ಆ ಬುದ್ಧಿಯೂ ಅವನಿಗೆ ಬಂದಿತ್ತು. ಕೂಡ್ಲಿಗಿ ಹತ್ತಿರದ ಊರಿನವನು. ಊರಲ್ಲಿ ಮನೆಯಿದೆ, ಮನೆಗೆ ಬೀಗವೂ ಇದೆ. ಸುಗ್ಗಿ ಮುಗಿದದ್ದೇ ತಡ, ಕುರಿ ಹೊಡೆದುಕೊಂಡು ಕೊಟ್ಟೂರು, ಹಗರಿಬೊಮ್ಮನಹಳ್ಳಿ ದಾಟಿ ಹಡಗಲಿ ಕಡೆಯ ಎರೆಹೊಲಗಳನ್ನು ಸುತ್ತಿ, ಹರಪನಹಳ್ಳಿ ಸೀಮೆಯ ಮೂಲಕ ಮಳೆಗಾಲದ ಹೊತ್ತಿಗೆ ವಾಪಸ್ಸಾಗುವವನು. ಈ ದಾರಿಯಲ್ಲಿ ಅರಣ್ಯದವರು ಸಿಕ್ಕರೆ ನೆಡುತೋಪಿಗೆ ಕುರಿ ನುಗ್ಗಿಸಿದೆ ಎಂದು ದಂಡ ಹಾಕುತ್ತಾರೆ. ಕಾಲುವೆಯವರು ಸಿಕ್ಕರೆ ದಂಡೆ ಕೆಡಿಸಿದೆ ಎಂದು ಬೈಯುತ್ತಾರೆ. ಯಾರೂ ಸಿಗದ ದಿನವೇ ಕುರಿಯವನಿಗೆ ಒಳ್ಳೆಯ ದಿನ. ಹೀಗಾಗಿ ದೂರದಲ್ಲಿ ದೂಳೆದ್ದರೆ ಅದು ಹಾಲಿನ ಗಾಡಿಯೋ, ಜಲ್ಲಿಯ ಲಾರಿಯೋ, ಸಾಹೇಬರ ಜೀಪೋ ಎಂದು ಓಬಳೇಶಪ್ಪ ಕೂತಲ್ಲಿಂದಲೇ ಹೇಳುತ್ತಿದ್ದ. ಜೀಪಾದರೆ ತಾನೇ ಎದುರು ಹೋಗಿ, ಕೈ ಮುಗಿದು, ಬಹಳ ವಿನಯದಿಂದ ತಪ್ಪು ದಾರಿ ತೋರಿಸಿ ಬರುತ್ತಿದ್ದ. "ಓಬಳೇಶಪ್ಪ ದಾರಿ ತೋರ್ಸಿದ ಅಂದ್ರ ಜೀಪು ಊರೂರು ತಿರುಗಿ ಡೀಸಲ್ ಮುಗಿಸಿಕೊಂಡು ಬರತೈತಿ" ಎಂದು ಅವನ ಬೀಗರು ಹೇಳಿ ನಗುತ್ತಿದ್ದರು. ಅವನೂ ಮೀಸೆಯಲ್ಲೇ ನಗುತ್ತಿದ್ದ.

ಇಂಥವನ ಮಗಳು ಶೃತಿ. ತಾನು ಎಲ್ಲಿದ್ದೇನೆ ಎಂದು ದಿನವೂ ಸರಕಾರಕ್ಕೆ ತಾನಾಗಿಯೇ ಹೇಳಬೇಕಾದ ಕೆಲಸಕ್ಕೆ ಹೋಗಿ ಸಿಕ್ಕಿಕೊಂಡಿದ್ದಳು.

ಶೃತಿ ನಡೆಯುವವಳು. ಅಂದರೆ ನಡಿಗೆ ಸ್ಪರ್ಧೆಯಲ್ಲಿ ನಡೆಯುವವಳು. ಓಡುವಂತಿಲ್ಲ, ಒಂದು ಕಾಲು ಯಾವಾಗಲೂ ನೆಲಕ್ಕಿರಬೇಕು, ಮುಂದಿಟ್ಟ ಮೊಣಕಾಲು ಬಾಗಬಾರದು. ಕೊಟ್ಟೂರಿನ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರಾಗಿದ್ದ ಕೊಟ್ರಸ್ವಾಮಿ ಮೇಷ್ಟ್ರು ಇದನ್ನು ಅವಳಿಗೆ ಹಚ್ಚಿದವರು. ಮೊದಲ ಸಲ ಮಗಳು ಸೊಂಟ ತಿರುಗಿಸುತ್ತ ರಸ್ತೆಯಲ್ಲಿ ಹೋಗುವುದನ್ನು ಕಂಡಾಗ ಓಬಳೇಶಪ್ಪ ಮುಖ ಆ ಕಡೆ ಮಾಡಿ ನಿಂತಿದ್ದ. "ಓಡೂದೂ ಅಲ್ಲ, ನಡ್ಯೂದೂ ಅಲ್ಲ, ಇದ್ಯಾವ ಸೀಮಿ ಆಟ ಮೇಷ್ಟ್ರ" ಎಂದು ಕೇಳಿದ್ದ. ಆಮೇಲೆ ಅವಳು ರಾಜ್ಯಕ್ಕೆ ಮೊದಲು ಬಂದಳು, ದೇಶಕ್ಕೆ ಎರಡನೆಯವಳಾದಳು. ರೈಲ್ವೆಯಲ್ಲಿ ಆಟಗಾರರಿಗೆ ಕೊಡುವ ನೌಕರಿಗೆ ಅವಳ ಹೆಸರು ಹೋಗಿದೆ ಎಂದು ಸುದ್ದಿಯಾಯಿತು. ಅಷ್ಟು ಹೊತ್ತಿಗೆ ಇನ್ನೊಂದು ಪಟ್ಟಿಯಲ್ಲೂ ಅವಳ ಹೆಸರು ಬಿತ್ತು.

ಅದು ಉದ್ದೀಪನ ಮದ್ದಿನ ಪರೀಕ್ಷೆಯವರ ಪಟ್ಟಿ. ಮೇಷ್ಟ್ರು ಕುರಿ ನಿಂತಿದ್ದ ಹೊಲಕ್ಕೇ ಬಂದು ಬಿಡಿಸಿ ಹೇಳಿದರು.

"ನೋಡಪ್ಪ ಓಬಳೇಶಪ್ಪ. ದೊಡ್ಡ ಆಟಗಾರರು ಮದ್ದು ತಗೊಂಡು ಗೆಲ್ಲಬಾರದು ಅಂತ ಅವರು ಯಾವಾಗ ಬೇಕಾದ್ರೂ ಬಂದು ಮೂತ್ರ ತಗೊಂಡು ಹೋಗಿ ಪರೀಕ್ಷಾ ಮಾಡ್ತಾರ. ದಿನದಾಗ ಒಂದು ತಾಸು ಇಂಥಲ್ಲಿ ಇರ್ತೀನಿ ಅಂತ ಈಕಿ ಮೊದಲೇ ಫೋನಿನಾಗ ಬರದಿಡಬೇಕು. ಆ ತಾಸಿನಾಗ ಬಂದಾಗ ಸಿಗಲಿಲ್ಲ ಅಂದ್ರ ಒಂದು ತಪ್ಪು. ವರ್ಷದೊಳಗ ಮೂರು ಆದ್ರ ಎರಡು ವರ್ಷ ಮೈದಾನ ಬಂದ್."

"ಮದ್ದು ತಿನ್ನದಿದ್ರೂನ?"

"ತಿನ್ನದಿದ್ರೂನ. ಸಿಗದಿದ್ದವರು ತಿಂದವರ ಲೆಕ್ಕಾನ."

"ಬರೋ ಮುಂಚೆ ಒಂದು ಫೋನ್ ಮಾಡಂಗಿಲ್ಲೇನ್ರಿ" ಎಂದು ಕೇಳಿದ್ದು ಓಬಳೇಶಪ್ಪನ ಹೆಂಡತಿ ಭರಮಮ್ಮ.

ಅದಕ್ಕೆ ಮೇಷ್ಟ್ರಿಗಿಂತ ಮೊದಲು ಉತ್ತರ ಕೊಟ್ಟವನು ಓಬಳೇಶಪ್ಪ. "ಹೇಳಿ ಬಂದ್ರ ಅದು ಪರೀಕ್ಷಾ ಅಲ್ಲ ಬಿಡು, ಬೀಗರ ಊಟ."

ಹಾಗೆ ಹೇಳಲು ಅವನಿಗೆ ಹಕ್ಕಿತ್ತು. ಪ್ರಾಯದಲ್ಲಿ ಈ ಸೀಮೆಯ ಟಗರಿನ ಕಾಳಗಗಳಿಗೆಲ್ಲ ಅವನನ್ನು ಕರೆಯುತ್ತಿದ್ದರು, ಟಗರು ತರಲು ಅಲ್ಲ, ಟಗರಿನ ಬಾಯಿ ಮೂಸಲು. ಸೆರೆ, ಅಂದರೆ ಸಾರಾಯಿ, ಕುಡಿಸಿದ ಟಗರು ನೋವು ತಿಳಿಯದೆ ಹಾಯುತ್ತದೆ, ಎದುರಿನದನ್ನು ಕೊಂದೇ ಬಿಡುತ್ತದೆ. ಓಬಳೇಶಪ್ಪ ಕಟ್ಟಿದ ಜಾಗಕ್ಕೆ ಹೇಳದೆ ಕೇಳದೆ ಹೋಗಿ, ದವಡೆ ಬಿಡಿಸಿ, ಮೂಗಿಟ್ಟು, ಕಣ್ಣಿನ ರೆಪ್ಪೆ ಎತ್ತಿ ನೋಡಿ, ಆಡಲಿ ಅಥವಾ ಬೇಡ ಎನ್ನುತ್ತಿದ್ದ. ಹರಪನಹಳ್ಳಿಯಲ್ಲಿ ಒಮ್ಮೆ ದುರುಗಣ್ಣ ಎನ್ನುವವನು, ಟಗರು ನೀರಿಗೆ ಹೋಗಿದೆ, ಈ ಕಡೆ ಅಲ್ಲ ಆ ಕಡೆ, ಎಂದು ಕೆರೆ ಸುತ್ತ ಅಲೆಸಿದ. ತಿರುಗಿ ಬಂದ ಓಬಳೇಶಪ್ಪ ಟಗರನ್ನು ಮೂಸಲೇ ಇಲ್ಲ. ದಾರಿ ತಪ್ಪಿಸಿದವನ ಟಗರು ಕುಡಿದದ್ದೇ, ನೋಡುವುದೇನಿದೆ, ಎಂದು ಆಟದಿಂದ ತೆಗೆಸಿಬಿಟ್ಟ. ದುರುಗಣ್ಣ ದೇವರ ಆಣೆ ಮಾಡಿದರೂ ಕೇಳಲಿಲ್ಲ. ಆಮೇಲೆ ಇಂಜೆಕ್ಷನ್ ಬಂದವು. ಇಂಜೆಕ್ಷನ್ ಮಾಡಿದ ಟಗರಿನ ಬಾಯಿ ಹುಲ್ಲಿನ ವಾಸನೆಯನ್ನೇ ಹೊಡೆಯುತ್ತಿತ್ತು. ಮೂಗಿನಿಂದ ಇನ್ನು ಉಪಯೋಗವಿಲ್ಲ ಎಂದು ಸಿಟ್ಟು ಮಾಡಿಕೊಂಡು ಅವನು ಆ ಕಡೆ ಹೋಗುವುದನ್ನೇ ಬಿಟ್ಟಿದ್ದ. ಹೀಗಾಗಿ ಮೂತ್ರ ಪರೀಕ್ಷೆಯ ಸುದ್ದಿ ಕೇಳಿ ಅವನಿಗೆ ಸಂತೋಷವೇ ಆಗಿತ್ತು.

ಸಂತೋಷ ಬಹಳ ದಿನ ಉಳಿಯಲಿಲ್ಲ. ಆ ಸಲ ಕುರಿ ಹೊರಟ ಮೇಲೆ ಭರಮಮ್ಮ ಕಾಲುವೆ ದಾಟುವಾಗ ಬಿದ್ದು ಬಲಗೈ ಮುರಿದುಕೊಂಡಳು. ಮರಿ ಹಾಕುವ ಕಾಲ. ರೊಟ್ಟಿ ಬಡಿಯುವವರಿಲ್ಲ, ಎಳೆಮರಿ ನೋಡುವವರಿಲ್ಲ. ಶೃತಿ ಊರಿನ ಮನೆಗೆ ಬೀಗ ಹಾಕಿ ಓಡಿ ಬಂದಳು. ಅವ್ವನ ಕೈ ನೋಡಿ ಅತ್ತ ಗದ್ದಲದಲ್ಲಿ ಫೋನಿನಲ್ಲಿ ಜಾಗ ಬದಲಾಯಿಸುವುದು ಮರೆತುಹೋಯಿತು. ಮರುದಿನವೇ ಪರೀಕ್ಷೆಯವರು ಊರಿಗೆ ಹೋಗಿ ಬೀಗ ನೋಡಿಕೊಂಡು ಬಂದರು. ಅದು ಒಂದನೆಯದು.

ಎರಡನೆಯದರಲ್ಲಿ ಅವಳ ತಪ್ಪು ಕಾಳಷ್ಟೂ ಇರಲಿಲ್ಲ. ಕುರಿಯವರ ಬದುಕೇ ಹಾಗೆ. ಸಂಜೆ ಹೊಲದವನು ಕರೆದರೆ ಅವನ ಹೊಲದಲ್ಲಿ ರಾತ್ರಿ ಬಲೆ ಕಟ್ಟಿ ಕುರಿ ನಿಲ್ಲಿಸುವುದು. ಹಿಕ್ಕೆ ಗಂಜಲ ಬಿದ್ದು ಹೊಲಕ್ಕೆ ಗೊಬ್ಬರ, ಕುರಿಯವನಿಗೆ ಜೋಳ. ನಾಳೆ ಯಾರು ಕರೆಯುತ್ತಾರೆ ಎನ್ನುವುದು ನಾಳೆಗೇ ಗೊತ್ತು. ಆದರೂ ಬೆಳಗಿನ ಐದರಿಂದ ಆರು ಎಂದು ಶೃತಿ ತಾಸು ಆರಿಸಿಕೊಂಡದ್ದು ಜಾಣತನದಿಂದಲೇ. ಆ ಹೊತ್ತಿಗೆ ಕುರಿ ಇನ್ನೂ ಬಲೆಯೊಳಗೇ ಇರುತ್ತವೆ. ಆದರೆ ದಿನವೂ ಸಂಜೆ ಅಪ್ಪ ಮಗಳ ನಡುವೆ ಇದೇ ಮಾತು.

"ನಾಳಿ ಮುಂಜಾನಿ ಎಲ್ಲಿರ್ತೀವಪ್ಪ?"

"ಹೊಲದವರು ಕರದ್ರ ಇಲ್ಲಿ. ಬ್ಯಾಡಂದ್ರ ಮುಂದ."

"ಮುಂದ ಅಂತ ಬರಿಯಾಕ ಬರಂಗಿಲ್ಲ."

"ಮತ್ತ ಏನಂತ ಬರೀತಿ? ಕುರಿ ಕೇಳಿ ಬರಿ."

ಹಗರಿಬೊಮ್ಮನಹಳ್ಳಿ ಹತ್ತಿರ ಜಂಬಯ್ಯ ಎಂಬುವನ ಹೊಲದಲ್ಲಿ ಕುರಿ ನಿಲ್ಲಿಸುವ ಮಾತಾಗಿ ಅವಳು ಹಾಗೇ ಬರೆದಿಟ್ಟಳು. ಬಲೆ ಕಟ್ಟಿ ಮುಗಿದ ಮೇಲೆ ಜಂಬಯ್ಯನ ತಮ್ಮ ಬಂದು, ಹೊಲ ತನ್ನದು, ತನ್ನನ್ನು ಕೇಳದೆ ಹೇಗೆ ನಿಲ್ಲಿಸಿದಿರಿ ಎಂದು ಜಗಳ ತೆಗೆದ. ಕತ್ತಲೆಯಲ್ಲೇ ಬಲೆ ಕಿತ್ತು ಕಾಲುವೆಯ ಆಚೆ ಹೋದರು. ಫೋನು ಚಾರ್ಜ್ ಇಲ್ಲದೆ ಸತ್ತಿತ್ತು. ಬೆಳಿಗ್ಗೆ ಪರೀಕ್ಷೆಯವರು ಜಂಬಯ್ಯನ ಹೊಲದಲ್ಲಿ ನಿಂತು ಹಸಿ ಹಿಕ್ಕೆ ನೋಡಿ ವಾಪಸ್ಸಾದರಂತೆ. ಕುರಿ ಅಲ್ಲಿದ್ದವು ಎನ್ನುವುದಕ್ಕೆ ಹಿಕ್ಕೆ ಸಾಕ್ಷಿಯಾಯಿತೇ ಹೊರತು ಹುಡುಗಿ ಅಲ್ಲಿದ್ದಳು ಎನ್ನುವುದಕ್ಕೆ ಆಗಲಿಲ್ಲ.

ಇನ್ನೊಂದು ಸಲ ತಪ್ಪಿದರೆ ಎರಡು ವರ್ಷ ಹೋಯಿತು, ನೌಕರಿಯೂ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಓಬಳೇಶಪ್ಪನ ಮಗಳು ಮದ್ದು ತಿಂದು ಸಿಕ್ಕಿಬಿದ್ದಳು ಎಂದು ಕೊಟ್ಟೂರಿನ ಚಹಾದಂಗಡಿಗಳಲ್ಲಿ ಮಾತಾಗುತ್ತದೆ. ಸಿಗದೆ ಹೋದದ್ದು ಬೇರೆ, ಸಿಕ್ಕಿಬಿದ್ದದ್ದು ಬೇರೆ ಎಂದು ಯಾರಿಗೆ ಬಿಡಿಸಿ ಹೇಳುವುದು? ಶೃತಿಗೆ ನಿದ್ದೆ ಹತ್ತುತ್ತಿರಲಿಲ್ಲ. ಭರಮಮ್ಮ ತನ್ನ ಮುರಿದ ಕೈಯನ್ನು ಬೈಯುತ್ತಿದ್ದಳು. ಓಬಳೇಶಪ್ಪ ಎಲ್ಲರನ್ನೂ ಬೈಯುತ್ತಿದ್ದ.

ಕುರಿ ಆಗ ಹಡಗಲಿಯಿಂದ ಹರಪನಹಳ್ಳಿ ಕಡೆ ಹೊರಟಿದ್ದವು. ಒಂದು ಕುರುಚಲು ಗುಡ್ಡದ ಬುಡದಲ್ಲಿ ಪಾಲಯ್ಯ ಎನ್ನುವವನ ಮೆಕ್ಕೆಜೋಳ ಕಿತ್ತ ಹೊಲ. ಅವನು ಕರೆದ, ಇವರು ನಿಂತರು. ಈ ಸಲ ಶೃತಿ ಏನನ್ನೂ ಬಿಡಲಿಲ್ಲ. ಪಾಲಯ್ಯನಿಗೆ ಅಣ್ಣ ತಮ್ಮ ಇದ್ದಾರೆಯೇ ಎಂದು ವಿಚಾರಿಸಿದಳು. ಪಂಪ್‌ಸೆಟ್ಟಿನ ಮನೆಯಲ್ಲಿ ಫೋನು ಚಾರ್ಜ್ ಮಾಡಿದಳು. ಮನೆಯ ಮೇಲೆ ಹತ್ತಿ ನಿಂತು, ಸಿಗ್ನಲ್ ಸಿಗುವ ತನಕ ಕೈ ಎತ್ತಿ, ಜಾಗ ಕಳಿಸಿ, ಹೋಯಿತು ಎಂದು ಅಪ್ಪನಿಗೂ ತೋರಿಸಿದಳು.

ಓಬಳೇಶಪ್ಪನ ತಲೆಯಲ್ಲಿ ಆ ಸಂಜೆ ಬೇರೆಯದೇ ಚಿಂತೆ ಇತ್ತು. ಬರುವ ದಾರಿಯಲ್ಲಿ ನಾಲ್ಕಾರು ಕುರಿ ನೆಡುತೋಪಿನ ಸಸಿಗೆ ಬಾಯಿ ಹಾಕಿದ್ದವು. ಕಾವಲುಗಾರ ದೂರದಿಂದಲೇ ಕೂಗಿದ್ದ, "ಲೇ ಮುದುಕ, ನಾಳಿ ಹೊತ್ತು ಹುಟ್ಟೂದ್ರೊಳಗ ಸಾಹೇಬ್ರನ್ನ ಕರಕೊಂಡು ಬರ್ತೀನಿ ನೋಡು."

ಹಾಗಾಗಿ ಬೆಳಿಗ್ಗೆ ಐದಕ್ಕೆ ಶೃತಿ ಬಲೆಯ ಪಕ್ಕ ಕಂಬಳಿ ಹಾಸಿ ಕೂತಾಗ, ಓಬಳೇಶಪ್ಪ ಕೋಲು ಹಿಡಿದು ರಸ್ತೆ ಕವಲೊಡೆಯುವ ಜಾಗಕ್ಕೆ ಹೋಗಿ ನಿಂತ. ಅದು ಅವನ ಹಳೆಯ ಕಾವಲು. ಸ್ವಲ್ಪ ಹೊತ್ತಿಗೆ ದೀಪ ಹಚ್ಚಿಕೊಂಡು ಬಿಳಿ ಬೊಲೆರೊ ಬಂತು. ಕಾವಲುಗಾರ ಮಾತಿಗೆ ತಪ್ಪಲಿಲ್ಲ ಎಂದುಕೊಂಡ. ಮುಂದೆ ಖಾಕಿ ಬಣ್ಣದ ಜಾಕೀಟು ಹಾಕಿದ ಕನ್ನಡಕದ ಸಾಹೇಬ, ಹಿಂದೆ ಒಬ್ಬ ಹೆಣ್ಣುಮಗಳು. ಗಾಡಿ ನಿಂತಿತು.

"ಯಜಮಾನ್ರೇ, ಓಬಳೇಶಪ್ಪ ಅನ್ನೋರ ಕುರಿ ಇಲ್ಲಿ ಎಲ್ಲಿ ನಿಂತಿವೆ?"

"ಯಾವ ಓಬಳೇಶಪ್ಪರಿ?"

"ಕೂಡ್ಲಿಗಿ ಕಡೆಯೋರು. ಪಾಲಯ್ಯ ಅನ್ನೋರ ಹೊಲ ಅಂತಿದೆ. ಮ್ಯಾಪ್‌ನಲ್ಲಿ ಇಲ್ಲೇ ಎಲ್ಲೋ ತೋರಿಸ್ತಿದೆ, ದಾರಿ ಮಾತ್ರ ಕಾಣ್ತಿಲ್ಲ."

ಹೊಲದವನ ಹೆಸರನ್ನೂ ಒದರಿದ್ದಾನೆ ಕಾವಲುಗಾರ ಎಂದು ಓಬಳೇಶಪ್ಪನಿಗೆ ಮೈ ಉರಿಯಿತು. ಸಾಹೇಬರು ಶೃತಿಯ ಹೆಸರು ಹೇಳಿದ್ದರೆ ಆ ಕ್ಷಣವೇ ಎಲ್ಲ ತಿಳಿಯುತ್ತಿತ್ತು. ಆದರೆ ಹುಡುಗಿಗೆ ಮೊದಲೇ ಸುದ್ದಿ ಮುಟ್ಟಬಾರದು ಎಂದು ಅವರು ಅವಳ ಹೆಸರೆತ್ತುವ ಹಾಗಿರಲಿಲ್ಲ. ಅದು ಅವರ ನೇಮ. ಓಬಳೇಶಪ್ಪನದು ಅವನ ನೇಮ.

"ಪಾಲಯ್ಯನ ಹೊಲ ಗುಡ್ಡದ ಆ ಕಡಿ ಐತ್ರಿ. ಇದಽ ಕ್ವಾರಿ ರಸ್ತಾ ಹಿಡದು ಸೀದಾ ಹೋಗ್ರಿ. ಎಡಕ್ಕೂ ಹೊಳ್ಳಬ್ಯಾಡ್ರಿ, ಬಲಕ್ಕೂ ಹೊಳ್ಳಬ್ಯಾಡ್ರಿ" ಎಂದು ಕೈ ಮುಗಿದ.

ಕ್ವಾರಿ ರಸ್ತೆಯನ್ನು ಅವನು ಸುಮ್ಮನೆ ಆರಿಸಿರಲಿಲ್ಲ. ಗುಡ್ಡವನ್ನು ಸುತ್ತಿಕೊಂಡು ಹೋಗುವ ಆ ರಸ್ತೆಯ ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ತಗ್ಗು. ಒಳಹೊಕ್ಕ ಗಾಡಿ ಕ್ವಾರಿ ಮುಟ್ಟುವ ತನಕ ಎಲ್ಲೂ ತಿರುಗಿಸುವಂತಿರಲಿಲ್ಲ.

ಬೊಲೆರೊದ ಹಿಂಬದಿಯ ಕೆಂಪು ದೀಪ ತಿರುವಿನಲ್ಲಿ ಮರೆಯಾದ ಮೇಲೆ ಓಬಳೇಶಪ್ಪ ಬೀಡಿ ಹಚ್ಚಿದ. ಬಹಳ ದಿನಗಳ ನಂತರ ಅವನಿಗೆ ಹಾಯೆನಿಸಿತ್ತು. ಹೊಲಕ್ಕೆ ಬಂದವನು ಒಂದೇ ಕೈಯಲ್ಲಿ ಚಹಾ ಸೋಸುತ್ತಿದ್ದ ಭರಮಮ್ಮನಿಗೆ, ಮಗಳಿಗೂ ಕೇಳುವ ಹಾಗೆ, ನಡೆದದ್ದನ್ನೆಲ್ಲ ಸಾಹೇಬರ ದನಿಯಲ್ಲೇ ಆಡಿ ತೋರಿಸಿದ.

ಶೃತಿ ನಗಲಿಲ್ಲ. ಅವಳು ಎದ್ದಾಗಿನಿಂದ ಮೂತ್ರಕ್ಕೆ ಹೋಗಿರಲಿಲ್ಲ. ಬಂದವರಿಗೆ ತಕ್ಷಣ ಕೊಡಬೇಕೆಂದು ದಿನವೂ ಆರರ ತನಕ ತಡೆದುಕೊಂಡು ಕೂತಿರುತ್ತಿದ್ದಳು.

"ಗಾಡ್ಯಾಗ ಹೆಣ್ಮಗಳು ಇದ್ಲಂದ್ಯಾ?"

"ಇದ್ಲು."

"ಅರಣ್ಯದವರು ಹೆಣ್ಮಗಳನ್ನ ಯಾಕ ಕರಕೊಂಡು ಬರ್ತಾರಪ್ಪ? ಆಕಿ ಹತ್ರ ಏನಿತ್ತು?"

"ತೊಡಿ ಮ್ಯಾಲೊಂದು ನೀಲಿ ಚೀಲ ಇತ್ತು. ಊಟದ ಡಬ್ಬಿ ಇರಬೇಕು."

ಹೇಳುತ್ತ ಹೇಳುತ್ತ ಓಬಳೇಶಪ್ಪನ ಬಾಯಿ ನಿಧಾನವಾಯಿತು. ಭರಮಮ್ಮ ಚಹಾದ ಪಾತ್ರೆ ಕೆಳಗಿಟ್ಟು, "ನಿಮ್ಮ ಶಾಣ್ಯಾತನಕ್ಕ ಬೆಂಕಿ ಹಚ್ಚ" ಎಂದಳು.

"ಓಡವ್ವ" ಎಂದ ಓಬಳೇಶಪ್ಪ. "ನಿನ್ನ ಕಾಲಿಗೆ ಗುಡ್ಡ ಯಾವ ಲೆಕ್ಕ. ಹೋಗಿ ಹಿಡಿ ಅವರನ್ನ."

"ನಾ ಏಳಂಗಿಲ್ಲ."

"ಯಾಕ?"

"ಆರರತನಕ ನಾ ಇಲ್ಲೇ ಇರಬೇಕು. ನಾ ಆ ಕಡಿ ಹೋಗಿ ಅವರು ಈ ಕಡಿ ಬಂದ್ರ ಮುಗೀತು. ಅವರ ನಂಬರ್ ಇಲ್ಲ. ಮೇಷ್ಟ್ರಿಗೆ ಫೋನ್ ಮಾಡಿ ಏನು ಹೇಳ್ಲಿ? ನಮ್ಮಪ್ಪ ಓಡಿಸಿಬಿಟ್ಟ ಅಂತ ಹೇಳ್ಲಾ?"

ದೇಶದಲ್ಲಿ ಎರಡನೆಯವಳಾಗಿ ನಡೆದ ಹುಡುಗಿ ಕಂಬಳಿಯ ಮೇಲೆ ಕೂತೇ ಇರಬೇಕಾಯಿತು. ಮೊಣಕಾಲು ನೋವಿನ ಅಪ್ಪ ಗುಡ್ಡ ಹತ್ತಿದ.

ರಸ್ತೆ ಹಿಡಿದರೆ ಗಾಡಿ ಸಿಗುವುದಿಲ್ಲ, ಗುಡ್ಡದ ಕಣಿವೆ ದಾಟಿ ಇಳಿದರೆ ಕ್ವಾರಿಯ ಬಾಯಿಗೇ ಹೋಗಬಹುದು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದುದೇ ಅವನ ಸಿಟ್ಟಿಗೆ ಕಾರಣ. ತಗ್ಗೆಲ್ಲಿ, ದಿಬ್ಬವೆಲ್ಲಿ, ಗಾಡಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಬದುಕಿಡೀ ಕಲಿತು, ಅದನ್ನೆಲ್ಲ ಒಟ್ಟುಮಾಡಿ ಸ್ವಂತ ಮಗಳ ಮೇಲೆ ಪ್ರಯೋಗಿಸಿದಂತಾಗಿತ್ತು. ಜಾಲಿಮುಳ್ಳು ಪಂಚೆ ಹಿಡಿದು ಎಳೆದರೆ ಜಾಲಿಗೆ ಬೈದ. ಸಾಹೇಬರಿಗೆ ಬೈದ, ಬಾಯಿ ಬಿಟ್ಟು ನಾವು ಇಂಥವರು ಎನ್ನಲು ಇವರಿಗೇನು ರೋಗ ಎಂದು. ಕಾವಲುಗಾರನಿಗೆ ಬೈದ, ಬರುತ್ತೇನೆಂದು ಹೇಳಿ ಬರದೆ ಹೋದನಲ್ಲ ಎಂದು. ಬೈಗುಳ ಎಲ್ಲರನ್ನೂ ಸುತ್ತಿ ಕೊನೆಗೆ ತನ್ನ ಹತ್ತಿರವೇ ಬಂದು ನಿಲ್ಲುತ್ತಿತ್ತು. ಅದು ಅವನಿಗೆ ಸಹಿಸಲಾಗುತ್ತಿರಲಿಲ್ಲ.

ಕ್ವಾರಿಯ ಹತ್ತಿರ ಬೊಲೆರೊ ಹಿಂದೆ ಮುಂದೆ ಮಾಡುತ್ತ ತಿರುಗಿಸಿಕೊಳ್ಳಲು ಹೆಣಗುತ್ತಿತ್ತು. ಓಬಳೇಶಪ್ಪ ಎದುರು ಹೋಗಿ ಎರಡೂ ಕೈ ಅಡ್ಡ ಹಿಡಿದು ನಿಂತ. ಮಾತು ಹೊರಡದಷ್ಟು ಏದುಸಿರು.

"ತಪ್ಪಾತ್ರಿ. ಕುರಿ ಆ ಕಡೀನ ಅದಾವ. ಮಗಳು ಅಲ್ಲೇ ಕುಂತಾಳ. ಲಗೂನ ನಡ್ರಿ."

ಕನ್ನಡಕದ ಸಾಹೇಬ ಇಳಿದು ಬಂದ. "ಆಗಲೇ ಈ ಕಡೆ ಅಂದ್ರಿ, ಈಗ ಆ ಕಡೆ ಅಂತೀರಿ. ನೀವ್ಯಾರು?"

ದಾರಿಹೋಕ ಎನ್ನಬಹುದಿತ್ತು. ಸುಳ್ಳು ನಾಲಿಗೆಯ ತುದಿಗೆ ಬಂದೂ ಇತ್ತು. "ನಾನಽ ಓಬಳೇಶಪ್ಪ" ಎಂದ.

ಸಾಹೇಬ ಹಿಂದಿನ ಸೀಟಿನ ಹೆಣ್ಣುಮಗಳ ಮುಖ ನೋಡಿದ. ಆಕೆಯ ಹೆಸರು ಪುಷ್ಪಲತಾ, ಪರೀಕ್ಷೆಯ ಮುಖ್ಯಸ್ಥೆ ಆಕೆಯೇ. ಆಕೆ ಮೆಲ್ಲಗೆ ಕೇಳಿದಳು, "ನಮ್ಮನ್ನ ಈ ಕಡೆ ಕಳಿಸಿ, ಅಷ್ಟರಲ್ಲಿ ಮಗಳಿಗೆ ಏನು ಮಾಡ್ಕೊಳ್ಳೋಕೆ ಹೇಳಿದ್ರಿ?"

ಬೈದಿದ್ದರೆ ಓಬಳೇಶಪ್ಪ ತಡೆದುಕೊಳ್ಳುತ್ತಿದ್ದ. ಆ ಮೆಲುದನಿ ತಡೆಯಲಾಗಲಿಲ್ಲ. ಗಾಡಿಯಲ್ಲಿ ಕೂಡಿಸಿಕೊಂಡರು. ತಿರುವು ತಿರುವಿಗೂ ಮೈ ಕುಲುಕುತ್ತಿತ್ತು. ಮುಂದಿದ್ದ ಗಡಿಯಾರದಲ್ಲಿ ಆರು ದಾಟಿತು. ಹರಪನಹಳ್ಳಿಯ ದುರುಗಣ್ಣ ಅವನ ನೆನಪಿಗೆ ಬಂದ. ಆ ಟಗರು ನಿಜವಾಗಿಯೂ ನೀರಿಗೆ ಹೋಗಿತ್ತೋ ಏನೋ ಎಂದು ಈಗ ಅನಿಸಿತು. ಆಗ ತನಗೆ ಎಷ್ಟು ಖಾತ್ರಿಯಿತ್ತೋ ಈ ಹೆಣ್ಣುಮಗಳಿಗೂ ಈಗ ಅಷ್ಟೇ ಖಾತ್ರಿ ಇರಬೇಕು. ಆಣೆ ಮಾಡಲು ಬಾಯಿ ತೆರೆದವನು ಸುಮ್ಮನಾದ.

ಅಪ್ಪ ಬಿಟ್ಟುಹೋದ ಜಾಗದಲ್ಲೇ ಶೃತಿ ಕೂತಿದ್ದಳು. ಮುಖ ಬಿಳುಚಿತ್ತು, ತುಟಿ ಕಚ್ಚಿಕೊಂಡಿದ್ದಳು. ಗಾಡಿ ಕಂಡದ್ದೇ ಗುರುತಿನ ಚೀಟಿ ಹಿಡಿದು ಎದ್ದು, "ಮೇಡಂ, ನಾನು ಶೃತಿ, ಐದರಿಂದ ಇಲ್ಲೇ ಅದೀನಿ" ಎಂದಳು. ಪಂಪ್‌ಸೆಟ್ಟಿನ ಮನೆಯೇ ಪರೀಕ್ಷೆಯ ಕೋಣೆಯಾಯಿತು. ಪುಷ್ಪಲತಾ ಜೊತೆಯಲ್ಲೇ ಹೋದಳು. ಮೂತ್ರ ಎರಡು ಬಾಟಲಿಗೆ ಹಂಚಿ, ಬಿರಡೆ ಬಿಗಿದು, ನೀಲಿ ಚೀಲ ಸೇರಿತು. ಭರಮಮ್ಮ ಚಹಾ ಕೊಟ್ಟಳು. ಕೆಲಸದ ಮೇಲಿದ್ದಾಗ ಆಟಗಾರರ ಮನೆಯದೇನೂ ಮುಟ್ಟುವಂತಿಲ್ಲ ಎಂದು ಅವರು ಕುಡಿಯಲಿಲ್ಲ. ಅದರಿಂದ ಅವಳಿಗೆ ಇನ್ನಷ್ಟು ನೋವಾಯಿತು.

ಹೊರಡುವಾಗ ಓಬಳೇಶಪ್ಪ ಗಾಡಿಯ ಬಾಗಿಲು ಹಿಡಿದು ನಿಂತ. "ಏನಂತ ಬರೀತೀರ್ರಿ ಅವ್ವಾರ?"

"ಹುಡುಗಿ ಜಾಗದಲ್ಲೇ ಇದ್ದಳು ಅಂತ ಬರೀತೀನಿ. ನಾವು ತಲುಪಿದಾಗ ಆರು ದಾಟಿತ್ತು, ಅವಳ ತಂದೆ ನಮ್ಮ ದಾರಿ ತಪ್ಪಿಸಿದರು ಅಂತಲೂ ಬರೀತೀನಿ. ಎಲ್ಲಾ ನಿಜ ತಾನೆ?"

"ನೀವು ಯಾರಂತ ಮೊದಲಽ ಹೇಳಿದ್ರ ಆಗ್ತಿತ್ತಲ್ರಿ."

"ಹೇಳ್ಕೊಂಡು ಬಂದ್ರೆ ಅದು ಪರೀಕ್ಷೆ ಆಗಲ್ಲ ಯಜಮಾನ್ರೇ."

ಓಬಳೇಶಪ್ಪ ಬಾಗಿಲು ಬಿಟ್ಟ. ತನ್ನದೇ ಮಾತು ಅದು.

ಅಂದು ಸಂಜೆ ಬಲೆ ಕಟ್ಟುವಾಗ ಶೃತಿ ಒಂದೇ ಒಂದು ಮಾತು ಹೇಳಿದಳು. "ಎಷ್ಟು ಜೋರು ನಡದ್ರೂ ನಿನ್ನ ಬಾಯಿ ದಾಟಿ ಹೋಗಾಕ ಆಗಲಿಲ್ಲಪ್ಪ ನನಗ." ಓಬಳೇಶಪ್ಪ ಗೂಟ ಬಡಿಯುತ್ತಲೇ ಇದ್ದ. ಸಾಕಷ್ಟು ಆಳ ಇಳಿದ ಮೇಲೂ ಬಡಿಯುತ್ತಿದ್ದ.

ಉತ್ತರ ಬರುವ ತನಕದ ದಿನಗಳು ಕೆಟ್ಟವು. ಕುರಿ ಹರಪನಹಳ್ಳಿ ಸೀಮೆಯ ಬಾಗಳಿ ಕಡೆ ಬಂದಿದ್ದಾಗ ಕೊಟ್ರಸ್ವಾಮಿ ಮೇಷ್ಟ್ರು ಬೈಕಿನಲ್ಲಿ ಹುಡುಕಿಕೊಂಡು ಬಂದರು. ಮೂತ್ರದಲ್ಲಿ ಏನೂ ಇಲ್ಲ. ಹುಡುಗಿ ಜಾಗದಲ್ಲೇ ಇದ್ದುದರಿಂದ ಈ ಸಲದ್ದನ್ನು ತಪ್ಪೆಂದು ಹಿಡಿದಿಲ್ಲ. ಭರಮಮ್ಮ ನೆಲ ಮುಟ್ಟಿ ನಮಸ್ಕಾರ ಮಾಡಿದಳು.

"ತಡೀರಿ, ಇನ್ನೂ ಐತಿ" ಎಂದರು ಮೇಷ್ಟ್ರು. "ಇನ್ನೊಮ್ಮೆ ಮನಿಯವರು ಯಾರಾದ್ರೂ ದಾರಿ ತಪ್ಪಿಸಿದ್ರ, ಹುಡುಗಿ ತಪ್ಪಿಸಿಕೊಂಡಂಗ ಅಂತ ಹಿಡೀತಾರಂತ. ಆವಾಗ ಎರಡು ವರ್ಷ ಅಲ್ಲ, ನಾಕು." ಓಬಳೇಶಪ್ಪನ ಕಡೆ ತಿರುಗಿ, "ನಿನ್ನ ಬಾಯಿ ಹುಷಾರಪ್ಪ" ಎಂದರು.

"ಯಾವ ಗಾಡಿ ಯಾರದು ಅಂತ ನನಗ ಹೆಂಗ ತಿಳೀಬೇಕ್ರಿ ಮೇಷ್ಟ್ರ? ಎಲ್ಲಾವೂ ಬಿಳೀವ ಬರ್ತಾವು."

"ತಿಳಿಯಂಗಿಲ್ಲ. ಅದಕ್ಕಽ ಎಲ್ಲಾರಿಗೂ ಖರೇನ ಹೇಳು."

ಕೇಳಲು ಎಷ್ಟು ಸುಲಭವಾಗಿತ್ತು. ಎಲ್ಲರಿಗೂ ನಿಜ ಹೇಳುವ ಕುರಿಯವನು ಎಷ್ಟು ದಿನ ಕುರಿ ಇಟ್ಟುಕೊಂಡಾನು ಎಂದು ಮೇಷ್ಟ್ರಿಗೆ ಗೊತ್ತಿಲ್ಲ.

ಅದೇ ವಾರ ಕುರಿ ಇನ್ನೊಂದು ತೋಪಿನ ಮಗ್ಗುಲಲ್ಲಿ ಹಾದುಬಂದವು. ಎಷ್ಟು ಅಟ್ಟಿದರೂ ಒಂದಷ್ಟು ಒಳಗೆ ನುಗ್ಗಿ ಸಸಿ ಕಚ್ಚಿಯೇಬಿಟ್ಟವು. ಮರುದಿನ ಬೆಳಿಗ್ಗೆ ಶೃತಿ ಕಂಬಳಿ ಹಾಸಿ ಕೂತಳು. ಓಬಳೇಶಪ್ಪ ರಸ್ತೆಗೆ ಹೋಗಿ ನಿಂತ. ದೂಳೆಬ್ಬಿಸಿಕೊಂಡು ಬಿಳಿ ಗಾಡಿ ಬಂತು. ಅರಣ್ಯದವರೇ ಎಂದು ಅವನ ಒಳಮನಸ್ಸು ಹೇಳಿತು. ಹೋದ ಸಲವೂ ಅದು ಹಾಗೇ ಹೇಳಿತ್ತು.

"ಏ ಯಜಮಾನ, ಇಲ್ಲಿ ಕುರಿ ಎಲ್ಲಿ ನಿಲ್ಲಿಸ್ಯಾರ?"

"ನೀವು ಯಾರ್ರಿ?"

"ಯಾರಾದ್ರೇನು, ಕೇಳಿದ್ದಕ್ಕ ಹೇಳು."

ಎಡಕ್ಕೆ ಒಂದು ಒಳ್ಳೆಯ ದಾರಿಯಿತ್ತು. ಹಳ್ಳಕ್ಕಿಳಿದು, ಮರಳಿನಲ್ಲಿ ಗಾಲಿ ಹೂತು, ಮಧ್ಯಾಹ್ನದ ತನಕ ಗಾಡಿ ಮೇಲೇಳದಂಥ ದಾರಿ. ಕೈ ಅರ್ಧ ಆ ಕಡೆ ಎದ್ದೂ ಬಿಟ್ಟಿತ್ತು. ಓಬಳೇಶಪ್ಪ ಅದನ್ನು ಇಳಿಸಿ ಬಲಕ್ಕೆ ತೋರಿಸಿದ.

"ಇಲ್ಲೇ ಅದಾವ್ರಿ, ಆ ಬೇವಿನ ಮರದ ಹಿಂದ. ನಾನಽ ಓಬಳೇಶಪ್ಪ. ಬರ್ರಿ, ತೋರಸ್ತೀನಿ."

ಗಾಡಿಯೊಳಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುರಿಯವನು ತಾನಾಗಿ ಕರೆದುಕೊಂಡು ಹೋಗುವುದನ್ನು ಅವರು ಕಂಡಿರಲಿಲ್ಲ.

ಗಾಡಿ ಹೊಲಕ್ಕೆ ಬಂದಾಗ ಶೃತಿ ಗುರುತಿನ ಚೀಟಿ ಹಿಡಿದು ಎದ್ದು ನಿಂತಳು. ಇಳಿದವರು ಅವಳನ್ನು ದಾಟಿ ನೇರ ಬಲೆಯ ಹತ್ತಿರ ಹೋದರು. ಒಬ್ಬ ಸಸಿಗಳ ಫೋಟೊ ತೋರಿಸಿ ದಂಡ ಎಂದ. ಇನ್ನೊಬ್ಬ ಬಲೆಯೊಳಗೆ ಇಳಿದು ಎರಡು ಒಳ್ಳೆಯ ಟಗರು ಆರಿಸಿ ಕೊರಳಿಗೆ ಹಗ್ಗ ಹಾಕಿದ. ದಂಡ ಕಟ್ಟಿ ಆಫೀಸಿನಿಂದ ಬಿಡಿಸಿಕೊಂಡು ಹೋಗು ಎಂದರು. ಭರಮಮ್ಮ ಒಂದೇ ಕೈಯಲ್ಲಿ ಹಗ್ಗ ಹಿಡಿದು ಜಗ್ಗಿದಳು, ಬಿಡಲಿಲ್ಲ. ಓಬಳೇಶಪ್ಪನೇ ಅವಳ ಬೆರಳು ಬಿಡಿಸಿದ. ಟಗರುಗಳನ್ನು ಎತ್ತಿ ಗಾಡಿಗೆ ಹಾಕಿಕೊಂಡು ಹೊರಟೇಬಿಟ್ಟರು.

ಶೃತಿಗೆ ತಡೆಯಲಾಗಲಿಲ್ಲ. ಚೀಟಿ ಎಸೆದು ಗಾಡಿಯ ಹಿಂದೆ ಹೊರಟಳು. ದೂಳಿನೊಳಗೆ ಟಗರುಗಳ ಕೂಗು ಇನ್ನೂ ಕೇಳುತ್ತಿತ್ತು. ಹೊಲದ ಬದುವಿನ ಹತ್ತಿರ ಓಬಳೇಶಪ್ಪ ಅವಳ ರಟ್ಟೆ ಹಿಡಿದು ನಿಲ್ಲಿಸಿದ. ಬರುವಾಗ ಹೆಕ್ಕಿಕೊಂಡಿದ್ದ ಚೀಟಿಯನ್ನು ಪಂಚೆಯಲ್ಲಿ ಒರೆಸಿ ಅವಳ ಕೈಗೆ ಕೊಟ್ಟ.

"ಹೋಗಬ್ಯಾಡವ್ವ" ಎಂದ. "ಕುಂದ್ರು ನಡಿ. ಇನ್ನೂ ಆರಾಗಿಲ್ಲ."